ಹಾಲುಕ್ಕುವ ತನಕ ನಿಂತ ಕಾರು

ಮಾನ್ವಿ

ಇಂಗ್ಲೆಂಡಿಗೆ ಹೋಗಿ ಬಂದವಳೆಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ, ರಾಣಿಯ ಅರಮನೆ ನೋಡಿದಿರೇನು ಅಂತ. ನೋಡಲಿಲ್ಲ. ನಾನು ನೋಡಿದ್ದು ಒಂದು ಬಾಣಂತಿ ಕೋಣೆ, ನಾಣ್ಯ ಹಾಕಿ ಬಟ್ಟೆ ಒಗೆಯುವ ಒಂದು ಅಂಗಡಿ, ಇನ್ನೊಂದು ನಗರಸಭೆಯ ಕಚೇರಿ. ಬಾಣಂತನ ಎಲ್ಲ ದೇಶದಲ್ಲೂ ಒಂದೇ. ಬಟ್ಟೆ ಒಗೆಯುವುದೂ ಅಷ್ಟೇ. ಆ ಕಚೇರಿಗೆ ಹೋದ ಕಥೆಯನ್ನಾದರೂ ಬರೆಯಬಹುದು ಅನ್ನಿಸಿತು.

ನಮ್ಮಲ್ಲಿ ಮೊದಲ ಹೆರಿಗೆಗೆ ಮಗಳು ತವರಿಗೆ ಬರಬೇಕು. ನಮ್ಮ ನೀಲಾಳಿಗೆ ಬರಲಾಗಲಿಲ್ಲ. ಬಿ.ಪಿ. ಏರಿದೆ, ವಿಮಾನ ಹತ್ತುವುದು ಬೇಡ ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ. ನಮ್ಮ ಮನೆಯವರು ಅಕ್ಕಿ ಗಿರಣಿಯಿಂದ ಬಂದು, ಆಕೆಯ ಪತ್ರವನ್ನು ಎರಡು ಸಲ ಓದಿ, ಕೈಕಾಲು ತೊಳೆದುಕೊಂಡು ಬಂದು ಹೇಳಿದರು: “ಆಕಿ ಬರಾಕ ಆಗಂಗಿಲ್ಲಂದ್ರ ತವರಮನಿನ ಆಕಿ ಕಡಿ ಹೋಗಬೇಕು. ನೀ ಹೋಗು.”

ಹಾಗೆ ತವರುಮನೆ ಎರಡು ಟ್ರಂಕಿನಲ್ಲಿ ಹೊರಟಿತು. ಬಾಣಂತಿಯ ಉಂಡಿಗೆ ಅಂಟು, ಒಣಕೊಬ್ಬರಿ, ಅಳವಿ, ಶುಂಠಿ, ಕೂಸಿಗೆ ಬಜೆ, ಜೋಳದ ಹಿಟ್ಟು, ನಮ್ಮ ಗಿರಣಿಯ ಅಕ್ಕಿ, ಕೂಸಿನ ಕೆಳಗೆ ಹಾಸಲು ನಮ್ಮ ಮನೆಯವರ ಹಳೇ ಧೋತರದ ತುಂಡುಗಳು. ಎದುರು ಮನೆಯ ಬೀಬಿಜಾನಮ್ಮ ಎರಡು ದಿನ ಕೂತು ಒಂದು ಕುಲಾವಿ ಹೊಲಿದುಕೊಟ್ಟಳು. ಅಲ್ಲಿಯ ಚಳಿ ಎಂಥದೋ ಏನೋ ಎಂದು ಅದಕ್ಕೆ ಒಳಗಿನಿಂದ ಮೆತ್ತಗಿನ ಅರಿವೆ ಹಾಕಿ, ಕಿವಿ ಮುಚ್ಚುವ ಹಾಗೆ ಮಾಡಿದ್ದಳು.

ನನಗೆ ವಿಮಾನದ ಭಯ ಇರಲಿಲ್ಲ. ಶಿವ ನೆಲದ ಮೇಲೂ ಇದ್ದಾನೆ, ಮೇಲೂ ಇದ್ದಾನೆ. ನನ್ನ ಚಿಂತೆ ಬೇರೆ. ನಮ್ಮ ಮನೆತನಗಳಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ನಿಂತು ಮಾತಾಡುವುದಿಲ್ಲ. ಅಳಿಯ ಪಡಸಾಲೆಗೆ ಬಂದರೆ ನಾವು ಅಡುಗೆಮನೆ ಸೇರುತ್ತೇವೆ. ಏನಾದರೂ ಹೇಳುವುದಿದ್ದರೆ ಮಗಳ ಬಾಯಿಂದ ಹೇಳಿಸುತ್ತೇವೆ. ನಮ್ಮ ಅಳಿಯಂದಿರು ಕಲ್ಲೂರಿನವರು, ಎಲುಬಿನ ಡಾಕ್ಟರು, ಸಾಧು ಸ್ವಭಾವ. ಮದುವೆಯಾಗಿ ಎರಡು ವರ್ಷವಾಗಿದ್ದರೂ ನಮ್ಮಿಬ್ಬರ ನಡುವೆ ಒಂದು ಮಾತೂ ನೇರ ಆಗಿರಲಿಲ್ಲ. ಅಲ್ಲಿ ಇರುವುದು ಎರಡು ಕೋಣೆಯ ಮನೆ ಅಂತೆ. ಅಷ್ಟರಲ್ಲಿ ನಾನು ಎಲ್ಲಿ ಮರೆಯಾಗಲಿ?

ರಾಯಚೂರು ಸ್ಟೇಷನ್ನು

ಬೊಂಬಾಯಿ ಗಾಡಿ ತಡವಾಗಿ ಬಂತು. ಆ ಹೊತ್ತನ್ನೆಲ್ಲ ನಮ್ಮ ಮನೆಯವರು ಉಪದೇಶಕ್ಕೆ ಬಳಸಿಕೊಂಡರು. ಕೊನೆಗೆ ಕಿಟಕಿಯ ಸರಳು ಹಿಡಿದು ಹೇಳಿದ್ದು ಇದು: “ಅಲ್ಲಿ ಹೋಗಿ ಭಾಳ ಶಾಸ್ತ್ರ ಹಚ್ಚಬ್ಯಾಡ. ಅವರ ಊರು, ಅವರ ರೀತಿ.” ನಾನು ಹೂಂ ಅಂದೆ. ಗಾಡಿ ಬಿಡುವಾಗ ಯಾರಾದರೂ ಹೂಂ ಅನ್ನುತ್ತಾರೆ.

ದಾರಿಯಲ್ಲಿ ದೇವರು ಮಾಡಿದ ಉಪಕಾರಗಳನ್ನು ನೆನೆಯಬೇಕು. ವಿಭೂತಿ ಉಂಡೆಯನ್ನು ಯಾರೂ ಕಸಿದುಕೊಳ್ಳಲಿಲ್ಲ. ವಿಮಾನದಲ್ಲಿ ಬೆಳಿಗ್ಗೆ ನಾನು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಾಗ ಪಕ್ಕದ ಪಂಜಾಬಿ ಮುದುಕಿ ತನ್ನ ಮೊಣಕೈ ಒಳಗೆ ಎಳೆದುಕೊಂಡು ನನಗೆ ಜಾಗ ಬಿಟ್ಟಳು. ಆಕೆಯ ಭಾಷೆ ನನಗೆ ಬಾರದು, ನನ್ನದು ಆಕೆಗೆ ಬಾರದು. ಇಳಿಯುವಾಗ ಇಬ್ಬರೂ ಕೈ ಮುಗಿದೆವು.

ಹೊಸ ಮನೆಯ ಬಾಗಿಲು

ನಾನು ಅಲ್ಲಿ ಮುಟ್ಟಿದ ವಾರವೇ ಅವರು ಮನೆ ಬದಲಿಸುವುದಿತ್ತು. ಆಸ್ಪತ್ರೆಯ ಕ್ವಾರ್ಟರ್ಸು ಮೂರನೇ ಅಂತಸ್ತಿನಲ್ಲಿತ್ತು. ತುಂಬಿದ ಬಸುರಿ ಮೆಟ್ಟಿಲು ಹತ್ತಿಳಿಯಬಾರದೆಂದು ಕೆಳಗಿನ ಅಂತಸ್ತಿನಲ್ಲೊಂದು ಮನೆ ಹಿಡಿದಿದ್ದರು. ನಗರಸಭೆಯವರು ಕಟ್ಟಿಸಿದ ಸಾಲುಮನೆಗಳು. ಮುಂದೆ ಅಂಗಳ, ಅಂಗಳದಲ್ಲಿ ಕಾರು ನಿಲ್ಲಿಸಲು ಗೆರೆ ಕೊರೆದ ಜಾಗಗಳು. ಎಲ್ಲ ತುಂಬಿದ್ದವು. ನಮ್ಮ ಬಾಗಿಲಿಗೆ ಸರಿಯಾಗಿ ಒಂದೇ ಒಂದು ಖಾಲಿ ಇತ್ತು. ನೆಲದ ಮೇಲೆ ಬಣ್ಣದಲ್ಲಿ ಗಾಲಿಯ ಮೇಲೆ ಕೂತ ಮನುಷ್ಯನ ಚಿತ್ರ. ಅಳಿಯಂದಿರು ಒಂದು ಗಳಿಗೆ ಯೋಚಿಸಿ, ಸಾಮಾನು ಇಳಿಸಿ ತೆಗೆದುಬಿಡೋಣ, ಐದು ನಿಮಿಷದ ಮಾತು ಎಂದು ಅಲ್ಲೇ ನಿಲ್ಲಿಸಿದರು.

ಐದು ನಿಮಿಷದಲ್ಲೇ ಮುಗಿಯುತ್ತಿತ್ತು. ನಾನಿದ್ದೆನಲ್ಲ.

ಹೊಸ ಮನೆ ಹೊಗುವಾಗ ಹಾಲುಕ್ಕಿಸದೆ ಸಾಮಾನು ಒಳಗೆ ಹೋಗಬಾರದು. ಬಾಡಿಗೆ ಮನೆಯಾದರೇನು, ಕೂಸು ಬರುವುದು ಅಲ್ಲಿಗೇ. ನಾನು ನೀಲಾಳ ಕೈಲಿ ಹೇಳಿಸಿದೆ. ಅಳಿಯಂದಿರು ತಲೆ ತಗ್ಗಿಸಿ ಆಗಲಿ ಅಂದರು. ಹೊಸ್ತಿಲಿಗೆ ಅರಿಷಿಣ ಕುಂಕುಮ ಇಟ್ಟು, ದೀಪ, ಉಪ್ಪು, ನೀರಿನ ತಂಬಿಗೆ ಮೊದಲು ಒಳಗೆ ಒಯ್ದೆವು. ಹಾಸಿಗೆ ಸುರುಳಿ, ಪಾತ್ರೆಯ ಚೀಲ ಬಾಗಿಲ ಹೊರಗೆ ಕೂತವು. ಉಳಿದದ್ದೆಲ್ಲ ಕಾರಿನಲ್ಲಿ. ಹಾಲಿನ ಪಾತ್ರೆಯನ್ನು ಕರೆಂಟಿನ ಒಲೆಯ ಮೇಲಿಟ್ಟೆ. ಮೂವರೂ ಕೈ ಜೋಡಿಸಿ ನಿಂತೆವು.

ಹಾಲು ಬಿಸಿಯೇ ಆಗಲಿಲ್ಲ. ನಾನು ಪಾತ್ರೆಯ ಮೇಲೆ ಕೈ ಇಟ್ಟು ನೋಡಿದೆ. ನೀಲಾ ಬೆರಳು ಅದ್ದಿದಳು. ತಣ್ಣಗಿತ್ತು. ಕೊನೆಗೆ ಅಳಿಯಂದಿರು ಬಾಗಿಲ ಹಿಂದೆ ಒಂದು ಮೀಟರು ಪೆಟ್ಟಿಗೆ ಕಂಡುಹಿಡಿದರು. ಅದಕ್ಕೆ ನಾಣ್ಯ ಹಾಕಿದರೆ ಕರೆಂಟು, ಇಲ್ಲದಿದ್ದರೆ ಇಲ್ಲ. ಅವರ ಜೇಬಿನಲ್ಲಿ ಬರೀ ನೋಟು. ಚಿಲ್ಲರೆ ತರಲು ಓಡಿದರು. ಕಾರು ಅಲ್ಲೇ ನಿಂತಿತ್ತು.

ಅವರು ಬಂದು, ನಾಣ್ಯ ಬಿದ್ದು, ಒಲೆ ಕೆಂಪಗಾಗಿ, ಹಾಲು ಮೂಡಲ ದಿಕ್ಕಿಗೆ ಉಕ್ಕಿ ಚೆಲ್ಲಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಅದೇ ಸಂತೋಷದಲ್ಲಿ ಬಾಗಿಲು ತೆಗೆದರೆ, ನಮ್ಮ ಹಾಸಿಗೆ ಸುರುಳಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು.

ವಯಸ್ಸು ನನ್ನಷ್ಟೇ. ಕಂಕುಳಿಗೆ ಕೊಡುವ ಎರಡು ಕೋಲುಗಳನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡಿದ್ದಳು. ಒಂದು ಕಾಲು ಕೃತಕದ್ದು. ಮುಖ ಕೆಂಪಾಗಿ ಏದುಸಿರು ಬಿಡುತ್ತಿದ್ದಳು. ನಮ್ಮ ಮಗ್ಗುಲ ಮನೆಯ ಮಿಸೆಸ್ ಬೆಲ್. ಆ ಜಾಗ ಆಕೆಯದು. ನಮ್ಮ ಕಾರು ನೋಡಿ, ಬೇರೆ ಕಡೆ ಇಂಬಿಲ್ಲದೆ, ತನ್ನ ಗಾಡಿಯನ್ನು ಬೀದಿಯ ಆ ತುದಿಗೆ ಬಿಟ್ಟು, ಅಲ್ಲಿಂದ ಕೋಲೂರಿಕೊಂಡು ಬಂದಿದ್ದಳು. ಆ ಗಾಡಿಯನ್ನು ನಾನು ಮರುದಿನ ನೋಡಿದೆ. ತಿಳಿನೀಲಿ ಬಣ್ಣ, ಮೂರೇ ಗಾಲಿ, ನಮ್ಮ ಆಟೋಗಿಂತ ಸಣ್ಣದು, ಒಬ್ಬರು ಮಾತ್ರ ಕೂಡಬಹುದು. ನಡೆಯಲಾಗದವರಿಗೆ ಅಲ್ಲಿಯ ಸರ್ಕಾರವೇ ಕೊಡುತ್ತದಂತೆ. ಗಾಡಿ ಕೊಟ್ಟವರು ಅದು ನಿಲ್ಲಲು ಮನೆ ಬಾಗಿಲಲ್ಲಿ ನೆಲವನ್ನೂ ಕೊಟ್ಟಿದ್ದರು. ಅದರ ಮೇಲೆ ನಾವು ನಿಂತಿದ್ದೆವು.

ಹಾಲುಕ್ಕಿದ ಹೊತ್ತಿಗೆ ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸಬಾರದು. ನಾನು ಬಿಸಿ ಹಾಲಿಗೆ ಸಕ್ಕರೆ ಹಾಕಿ ತಂದು ಎರಡೂ ಕೈಯಿಂದ ಕೊಟ್ಟೆ. ಆಕೆ ಒಂದು ಮಾತು ಬೈದಳು, ಹಾಲು ತೆಗೆದುಕೊಂಡಳು, ಕುಡಿದಳು, ಮತ್ತೆ ಬೈದಳು. ನೀಲಾ ಬಾಗಿಲ ಚೌಕಟ್ಟು ಹಿಡಿದು ನಿಂತು ನಮ್ಮ ಪದ್ಧತಿಯನ್ನೆಲ್ಲ ಬಿಡಿಸಿ ಹೇಳಿದಳು. ಮಿಸೆಸ್ ಬೆಲ್ ಲೋಟದೊಳಗೆ ನೋಡುತ್ತ ಕೇಳಿಸಿಕೊಂಡಳು. ಅಳಿಯಂದಿರು ಯಾವ ಆಸ್ಪತ್ರೆ, ಯಾವ ವಾರ್ಡು ಎಂದು ವಿಚಾರಿಸಿದಳು. ಎಲುಬಿನ ವಾರ್ಡು ಎಂದು ಕೇಳಿ, ನಿಮ್ಮ ಹಿರಿಯ ಡಾಕ್ಟರು ನನಗೆ ಬಹಳ ವರ್ಷದಿಂದ ಗೊತ್ತು, ಈ ಕಾಲು ಅವರೇ ಹಾಕಿಸಿದ್ದು ಅಂದಳಂತೆ. ಅಳಿಯಂದಿರ ಮುಖ ಬಿಳಿಚಿಕೊಂಡಿತು.

ಅವರು ಕಾರಿನ ಹತ್ತಿರ ಹೋಗಿ ನೋಡಿದರೆ ಗಾಜಿನ ಮೇಲೆ ದಂಡದ ಚೀಟಿ. ನಗರಸಭೆಯವರು ಯಾವಾಗ ಬಂದರೋ, ಯಾವಾಗ ಅಂಟಿಸಿದರೋ. ನಮ್ಮ ಕಡೆ ಪೊಲೀಸಪ್ಪ ಸೀಟಿ ಊದುತ್ತಾನೆ, ಕೂಗುತ್ತಾನೆ, ಮಂದಿ ಕೂಡುತ್ತಾರೆ, ಯಾರೋ ಒಬ್ಬರು ನಡುವೆ ಬಂದು ಸಮಾಧಾನ ಮಾಡುತ್ತಾರೆ. ಅಲ್ಲಿ ಸದ್ದೇ ಇಲ್ಲದೆ ಶಿಕ್ಷೆ ಆಗುತ್ತದೆ.

ಮೂರು ಜನ, ಒಂದು ಕೋಣೆ

ದಂಡ ಕಟ್ಟಿಬಿಡುವುದು ದೊಡ್ಡದಾಗಿರಲಿಲ್ಲ. ಅಳಿಯಂದಿರ ಹೆದರಿಕೆ ಬೇರೆ. ಆ ಚಳಿಗಾಲಕ್ಕೆ ಅವರ ಹುದ್ದೆಯ ಅವಧಿ ಮುಗಿಯುತ್ತಿತ್ತು. ಮುಂದುವರಿಸಬೇಕಾದವರು ಆ ಹಿರಿಯ ಡಾಕ್ಟರೇ. ಎಲುಬಿನ ಡಾಕ್ಟರೇ ಕಾಲಿಲ್ಲದವಳ ಜಾಗ ಹಿಡಿದ, ದಂಡವನ್ನೂ ಕಟ್ಟಿದ ಎಂದು ಅವರ ಕಿವಿಗೆ ಬಿದ್ದರೆ? ಹುದ್ದೆ ಹೋದರೆ ಆ ದೇಶದಲ್ಲಿ ಇರುವ ಪರವಾನಗಿಯೂ ಹೋಗುತ್ತದೆ. ಹೆರಿಗೆಗೆ ಮೂರು ವಾರವಿತ್ತು.

ನಮ್ಮ ಆ ಸಂಜೆಯ ಮಾತುಕತೆಯನ್ನು ಯಾರಾದರೂ ನೋಡಿದ್ದರೆ ನಕ್ಕುಬಿಡುತ್ತಿದ್ದರು. ಅಳಿಯಂದಿರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ತಲೆತುಂಬ ಸೆರಗು ಹೊದ್ದು ಗೋಡೆಯ ಕಡೆ. ನಡುವೆ ನೀಲಾ, ಕಾಲು ಬಾತುಕೊಂಡು, ದಿಂಬಿಗೆ ಒರಗಿ.

ಅವರು ನೀಲಾಳಿಗೆ ಹೇಳಿದ್ದು ಹೀಗೆ. ನಗರಸಭೆಯ ಕಚೇರಿಗೆ ಹೋಗಿ ಕಾರಣ ಹೇಳಿದರೆ ಒಮ್ಮೊಮ್ಮೆ ದಂಡ ರದ್ದು ಮಾಡುತ್ತಾರೆ. ಕಾರಿನಲ್ಲಿ ಕಾಲಿಲ್ಲದವರು ಇದ್ದರು ಅಂದರೆ ತಪ್ಪೇ ಆಗುವುದಿಲ್ಲ. ಅವ್ವನವರಿಗೆ ನಡೆಯಲು ಬರುವುದಿಲ್ಲ, ಅವರನ್ನು ಇಳಿಸಲು ನಿಲ್ಲಿಸಿದೆ ಎನ್ನುತ್ತೇನೆ. ಆಸ್ಪತ್ರೆಯಿಂದ ಒಂದು ಕೋಲು ತರುತ್ತೇನೆ. ಅವರು ಸುಮ್ಮನೆ ಜೊತೆಗೆ ಬಂದರೆ ಸಾಕು.

ನೀಲಾ ನನ್ನ ಕಡೆ ತಿರುಗಿ, ಕೇಳಿಸಿತಲ್ಲ ಎಂಬ ಹಾಗೆ ಹುಬ್ಬು ಹಾರಿಸಿದಳು.

ಶ್ರಾವಣದ ಸೋಮವಾರ ಮಾನ್ವಿಯಿಂದ ಚೀಕಲಪರ್ವಿಯ ಹೊಳೆತನಕ ಬರಿಗಾಲಲ್ಲಿ ನಡೆದು ಹೋಗುವ ಹರಕೆಯವಳು ನಾನು. ಶಿವ ನನಗೆ ಬಂಗಾರ ಹೆಚ್ಚು ಕೊಡಲಿಲ್ಲ, ಕಾಲು ಕೊಟ್ಟ. ಆ ಕಾಲನ್ನು ಇಲ್ಲ ಎನ್ನುವುದು ಹೇಗೆ? ಅದೂ ಹೊಟ್ಟೆಯಲ್ಲಿ ಕೂಸು ಬೆಳೆಯುತ್ತಿರುವ ಮನೆಯಲ್ಲಿ. ನಾವು ಆಡಿದ ಮಾತಿಗೆ ದೇವತೆಗಳು ಅಸ್ತು ಎಂದುಬಿಟ್ಟರೆ? ಇದೆಲ್ಲ ಕುರುಡು ನಂಬಿಕೆ ಎಂದು ಓದಿದವರು ಅನ್ನಬಹುದು. ಬಸುರಿ ಮಗಳ ಮುಂದೆ ಕೂತು ಆ ಮಾತು ಆಡಿ ನೋಡಲಿ.

ಆದರೆ ಅಳಿಯಂದಿರ ಬೆನ್ನೂ ನನಗೆ ಕಾಣುತ್ತಿತ್ತು. ಆ ಬೆನ್ನು ಬಾಗಿತ್ತು. ಹಾಲಿನ ಶಾಸ್ತ್ರ ಹಚ್ಚಿದವಳು ನಾನು, ಬೈಸಿಕೊಳ್ಳುವವರು ಅವರು. ಒಂದು ಸಲವೂ ನಿಮ್ಮ ಅವ್ವನಿಂದ ಆಯಿತು ಅನ್ನಲಿಲ್ಲ.

ಕೊನೆಗೆ ನಾನು ನೀಲಾಳಿಗೆ ಹೇಳಿದೆ: “ಕೋಲು ಹಿಡೀತೀನಿ. ಕುಂಟೂದಿಲ್ಲ. ಬಾಯಿಲೆ ನನಗ ಕಾಲಿಲ್ಲ ಅನ್ನೂದಿಲ್ಲ. ಹೇಳು ಅವರಿಗೆ.”

“ಅವರಿಗೆ ಕೇಳ್ಸೇದ ಯವ್ವಾ,” ಎಂದಳು ನೀಲಾ. “ಇಬ್ಬರೂ ಬಾಜೂಕ ಕುಂತೀರಿ. ನಂದ ಬಾಯಿ ಸೋತದ.”

ಬಸ್ಸಿನಲ್ಲಿ

ಕಚೇರಿಯ ಹತ್ತಿರ ಕಾರು ನಿಲ್ಲಿಸಲು ಅಳಿಯಂದಿರಿಗೆ ಧೈರ್ಯ ಸಾಲಲಿಲ್ಲ. ಬಸ್ಸಿನಲ್ಲಿ ಹೋದೆವು. ನೀಲಾ ಮನೆಯಲ್ಲೇ ಉಳಿದಳು. ಹಾಗಾಗಿ ದಾರಿಯಲ್ಲಿ ನಮಗೆ ಮಾತಾಡಲು ಬಾಯಿಯೇ ಇರಲಿಲ್ಲ. ಅವರು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ನಾನು ಕುಂಟಲಿಲ್ಲ. ಆದರೆ ಕೋಲು ಹಿಡಿದು ರೂಢಿ ಇಲ್ಲದ ಕಾರಣ ಕೋಲು ಕಾಲಿಗೆ ತೊಡರಿ, ನೋಡುವವರಿಗೆ ಕುಂಟಿದ ಹಾಗೆಯೇ ಕಂಡಿರಬೇಕು.

ಕೋಲು ಕಂಡ ಕೂಡಲೇ ಆ ಊರಿನ ಮುಖವೇ ಬದಲಾಯಿತು. ನಾನು ಹತ್ತಿ ಕೂಡುವ ತನಕ ಡ್ರೈವರು ಬಸ್ಸು ಬಿಡಲಿಲ್ಲ. ನಮ್ಮ ಕಡೆ ಒಂದು ಕಾಲು ಮೆಟ್ಟಿಲ ಮೇಲಿದ್ದಾಗಲೇ ಕಂಡಕ್ಟರು ರೈಟ್ ಅನ್ನುತ್ತಾನೆ. ಪೇಪರು ಓದುತ್ತಿದ್ದ ಮುದುಕರೊಬ್ಬರು ಎದ್ದು ಜಾಗ ಕೊಟ್ಟರು. ನನಗಿಂತ ಹತ್ತು ವರ್ಷ ಹಿರಿಯರು. ನನಗೆ ಬೇಡ ಅನ್ನಲು ಇಂಗ್ಲಿಷು ಬರಲಿಲ್ಲ. ಕೂತೆ. ಅವರು ಕಂಬ ಹಿಡಿದು ನಿಂತರು. ಬಸ್ಸು ತಿರುಗಿದಾಗಲೆಲ್ಲ ಅವರು ಓಲಾಡುವುದನ್ನು ನೋಡುತ್ತ, ನಾನು ಪಂಚಾಕ್ಷರಿ ಜಪಿಸಲು ಹೋದೆ. ನಾಲಿಗೆ ಹೊರಳಲಿಲ್ಲ.

ನಗರಸಭೆಯ ಕಚೇರಿ

ಕಚೇರಿಯ ಬಾಗಿಲಿಗೆ ಐದಾರು ಮೆಟ್ಟಿಲು. ಪಕ್ಕದಲ್ಲಿ ಇಳಿಜಾರಿನ ದಾರಿ. ನನ್ನ ಕೋಲು ಕಂಡು ಬಾಗಿಲು ಕಾಯುವವನು ಒಳಗೆ ಹೋಗಿ ಒಂದು ಗಾಲಿ ಕುರ್ಚಿ ತಳ್ಳಿಕೊಂಡು ಬಂದ. ಕಾಲಿನಿಂದ ಗಾಲಿಗೆ ತಡೆ ಹಾಕಿ, ಪಾದ ಇಡುವ ಹಲಗೆ ಬಿಡಿಸಿ, ಕೂಡುವ ಜಾಗವನ್ನು ಕೈಯಿಂದ ತಟ್ಟಿದ. ತೊಡೆಯ ಮೇಲೆ ಹಾಕಲು ಒಂದು ಉಣ್ಣೆಯ ಶಾಲೂ ತಂದಿದ್ದ. ಬಹಳ ಸಮಾಧಾನದ ಮನುಷ್ಯ.

ನಮ್ಮ ರಾಯಚೂರು ಬಜಾರಿನಲ್ಲಿ ಕಾಲಿಲ್ಲದವರು ಹಲಗೆಗೆ ಗಾಲಿ ಹಚ್ಚಿಕೊಂಡು ಕೈಯಿಂದ ನೆಲ ಒತ್ತುತ್ತ ಹೋಗುತ್ತಾರೆ. ನಾವು ಚಿಲ್ಲರೆ ಹಾಕಿ ದಾಟುತ್ತೇವೆ. ಅವರಿಗೆ ಯಾರೂ ಇಳಿಜಾರು ಕಟ್ಟಿಲ್ಲ, ಶಾಲು ಹೊದಿಸಿಲ್ಲ. ಇಲ್ಲಿ ಇಷ್ಟೆಲ್ಲ ಮಾಡಿ ಇಟ್ಟಿದ್ದಾರೆ. ಅದರಲ್ಲಿ ಎರಡು ಗಟ್ಟಿ ಕಾಲಿನ ನಾನು ಕೂಡಬೇಕು.

ಅಳಿಯಂದಿರು ನೆಲ ನೋಡುತ್ತ, ಯಾರಿಗೂ ಅಲ್ಲ ಎಂಬ ಹಾಗೆ ಹೇಳಿದರು: “ಕುಂತ್ರ ಚಲೋ ಆಕ್ಕಿತ್ತು.”

ಹೇಳಿಸಲು ನೀಲಾ ಇರಲಿಲ್ಲ. ಶಾಲು ಹಿಡಿದವನು ಕಾಯುತ್ತಿದ್ದ. ನಾನು ಸೆರಗು ಸರಿಮಾಡಿಕೊಂಡು, ಅವರ ಮುಖ ನೋಡಿಯೇ ಮಾತಾಡಿದೆ.

“ಅಳಿಯಂದ್ರ, ನಾ ಇದರಾಗ ಕುಂದ್ರೂದಿಲ್ರಿ. ಅವತ್ತ ಐದ ನಿಮಿಷಕ್ಕಂತ ಒಬ್ಬರ ಜಾಗಾ ಹಿಡದ್ವಿ. ಇವತ್ತ ತಿಳದೂ ತಿಳದೂ ಹಿಡದ್ರ, ನಾಳಿ ಆ ಕೂಸಿನ ಕಾಲು ಹ್ಯಾಂಗ ಮುಟ್ಟಲಿ? ನಿಮ್ಮ ಕೆಲಸ ಹೋದ್ರ ಮಾನ್ವ್ಯಾಗ ಗಿರಣಿ ಅದ, ಮನಿ ಅದ. ಎಲ್ಲಾರೂ ಕೂಡಿ ಉಣ್ಣೂಣು. ಇದೊಂದ ಬ್ಯಾಡ್ರಿ.”

ಅವರು ಗಾಲಿ ಕುರ್ಚಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಸಿಟ್ಟು ಬಂದಿರಬೇಕು, ಮಗಳ ಸಂಸಾರದಲ್ಲಿ ಕೈ ಹಾಕಿದೆನೋ ಏನೋ ಅಂದುಕೊಂಡೆ. ಆಮೇಲೆ ಅವರು ಕೈ ಚಾಚಿದರು.

“ಕೋಲು ಕೊಡ್ರಿ ಅತ್ತಿ. ನಿಮಗ ಹಿಡ್ಯಾಕ ಬರಂಗಿಲ್ಲ.”

ಮೆಟ್ಟಿಲು ಹತ್ತಿ ಒಳಗೆ ಹೋದೆವು. ಕುರ್ಚಿ ತಂದವನಿಗೆ ನಾನು ಕೈ ಮುಗಿದೆ. ಅವನು ನನ್ನ ಕಾಲು ನೋಡಿ ಶಾಲು ಮಡಚಿಕೊಂಡ.

ಕಿಟಕಿಯ ಹಿಂದೆ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ಅಳಿಯಂದಿರು ಇದ್ದದ್ದು ಇದ್ದ ಹಾಗೆ ಹೇಳಿದರು. ನನಗೆ ತಿಳಿದದ್ದು ‘ಮಿಲ್ಕ್’ ಎಂಬ ಮಾತೊಂದೇ, ಅದೂ ಬಹಳ ಸಲ ಬಂತು. ಆಕೆ ಬರೆಯುವುದು ನಿಲ್ಲಿಸಿ ಇನ್ನೊಮ್ಮೆ ಹೇಳಿ ಅಂದಳಂತೆ. ಆಮೇಲೆ ಪಕ್ಕದ ಮೇಜಿನವಳನ್ನೂ ಕರೆದು ಕೇಳಿಸಿದಳು. ಇಬ್ಬರೂ ನಗಲಿಲ್ಲ, ಬೈಯಲೂ ಇಲ್ಲ. ದಂಡ ಮಾತ್ರ ಹಾಗೆಯೇ ಉಳಿಯಿತು. ಅದು ಸರಿಯೇ. ಬೀದಿಯ ಆ ತುದಿಯಿಂದ ಕೋಲೂರಿ ಬಂದವಳಿಗೆ ಹಾಲುಕ್ಕಿದ್ದರಿಂದ ಏನು ಬಂತು? ಕಟ್ಟಿದ ಮೇಲೆ ಇದು ಆಸ್ಪತ್ರೆಗೆ ತಿಳಿಯುತ್ತದೆಯೇ ಎಂದು ಅಳಿಯಂದಿರು ಕೇಳಿದರಂತೆ. ನಾವು ಯಾರಿಗೂ ಹೇಳುವುದಿಲ್ಲ ಎಂದಳಂತೆ ಆಕೆ.

ನಗರಸಭೆಯವರು ಹೇಳಲಿಲ್ಲ, ನಿಜ. ಹತ್ತು ಹನ್ನೆರಡು ದಿನ ಕಳೆದ ಮೇಲೆ ಹಿರಿಯ ಡಾಕ್ಟರು ವಾರ್ಡಿನಲ್ಲಿ ಎಲ್ಲರೆದುರು ಅಳಿಯಂದಿರನ್ನು ನಿಲ್ಲಿಸಿ ಕೇಳಿದರಂತೆ: “ಕೊನೆಗೂ ಹಾಲು ಉಕ್ಕಿತೋ ಇಲ್ಲವೋ?” ಮಿಸೆಸ್ ಬೆಲ್ ಕಾಲು ತೋರಿಸಲು ಹೋದವಳು ಎಲ್ಲ ಹೇಳಿಬಿಟ್ಟಿದ್ದಳು, ನಾವು ಕಚೇರಿಗೆ ಹೋಗುವುದಕ್ಕೂ ಮೊದಲೇ. ನಾನು ಮೀಟರು ತುಂಬುವ ತನಕ ಪಾತ್ರೆ ಕಾಯುತ್ತ ನಿಂತದ್ದು, ಎರಡೂ ಕೈಯಲ್ಲಿ ಲೋಟ ಹಿಡಿದು ದುಡುದುಡು ಬಂದದ್ದು, ಎಲ್ಲ. ಕಾಲಿಲ್ಲದ ಅತ್ತೆಯ ಕಥೆ ಹೇಳಿ ದಂಡ ಬಿಡಿಸಿಕೊಂಡಿದ್ದರೆ ಆ ಪ್ರಶ್ನೆಗೆ ಅಳಿಯಂದಿರು ಏನು ಉತ್ತರ ಕೊಡುತ್ತಿದ್ದರೋ ನನಗೆ ಗೊತ್ತಿಲ್ಲ. ಉಕ್ಕಿತು ಸರ್ ಅಂದರಂತೆ. ಹುದ್ದೆ ಮುಂದುವರಿಯಿತು.

ಕೂಸು ಹುಟ್ಟಿದ್ದು ಒಂದು ಮಧ್ಯಾಹ್ನ. ಹೆಣ್ಣು. ನರ್ಸು ತಂದು ಕೊಟ್ಟಾಗ ಎಲ್ಲರೂ ಮುಖ ನೋಡಿದರು. ನಾನು ಅರಿವೆ ಸರಿಸಿ ಎರಡೂ ಅಂಗಾಲು ಒತ್ತಿ ನೋಡಿದೆ. ಕೂಸು ಒದೆಯಿತು.

ದೇವದುರ್ಗ

ಊರಿಗೆ ಬಂದ ಮೇಲೆ ತವರಿಗೆ ಹೋಗಿದ್ದೆ. ದೇವದುರ್ಗದಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ, ಮನೆತನದ ರೀತಿ ರಿವಾಜಿಗೆಲ್ಲ ಆಕೆಯೇ ದೊಡ್ಡಾಕೆ. ಹೆಂಗಸರೆಲ್ಲ ಸುತ್ತ ಕೂತರು. ನಾನು ಕಾರು, ದಂಡ, ಗಾಲಿ ಕುರ್ಚಿ ಎಲ್ಲ ಹೇಳಿದೆ. ದೊಡ್ಡವ್ವ ಅಡಿಕೆ ಕತ್ತರಿಸುತ್ತಲೇ ಇದ್ದಳು. ಮುಗಿದ ಮೇಲೆ ಅಡಕತ್ತರಿ ಕೆಳಗಿಟ್ಟಳು.

“ಅದೆಲ್ಲಾ ಇರ್ಲಿ. ಅಳಿಯನ ಮುಂದ ನಿಂತು ಬಾಯಿ ಬಿಟ್ಟಿಯೇನ?”

“ಬಿಟ್ಟೆನಬೇ.”

“ತಲಿಮ್ಯಾಲ ಸೆರಗಿತ್ತಿಲ್ಲೋ?”

“ಸೆರಗೂ ಇತ್ತು, ಅದರ ಮ್ಯಾಲ ನಂದೊಂದು ಶಾಲೂ ಇತ್ತು. ಚಳಿ ನೋಡು.”

ದೊಡ್ಡವ್ವ ಸ್ವಲ್ಪ ಹೊತ್ತು ತೂಗಿ ನೋಡಿದಳು. “ಹಂತಾ ಹೊತ್ತಿನ್ಯಾಗ ಒಂದ ನಾಕು ಮಾತಾಡಿದ್ರ ತಪ್ಪಿಲ್ಲ,” ಎಂದು ತೀರ್ಪು ಕೊಟ್ಟಳು. “ಅಷ್ಟಕ್ಕ ಬಿಟ್ಟಿ ಹೌದಲ್ಲೊ?”

ನಾನು ಕೂಸಿನ ಜಾವಳದ ಮಾತು ತೆಗೆದೆ.

ಆ ದಿನ ಕಚೇರಿಯಿಂದ ತಿರುಗಿ ಬರುವಾಗ ಬಸ್ಸು ಖಾಲಿ ಇತ್ತು. ಅಳಿಯಂದಿರು ಕಿಟಕಿಯ ಜಾಗ ನನಗೆ ಬಿಟ್ಟು ಪಕ್ಕದಲ್ಲೇ ಕೂತರು. ಎಷ್ಟು ದಿನದಿಂದ ನಿದ್ದೆ ಬಂದಿಲ್ಲವೆಂಬುದನ್ನು ಹೇಳಿದರು. ಕಲ್ಲೂರಿನಲ್ಲಿ ಅವರ ಅವ್ವ ಮಾಡುವ ಪುಂಡಿಪಲ್ಯ ನನಗೆ ಮಾಡಲು ಬರುತ್ತದೆಯೇ ಎಂದು ಕೇಳಿದರು. ನೀಲಾ ಸಣ್ಣವಳಿದ್ದಾಗ ಗಿರಣಿಯ ತೌಡಿನ ರಾಶಿಯಲ್ಲಿ ಅಡಗಿ ಕೂತು ಊರೆಲ್ಲ ಹುಡುಕಿಸಿದ್ದನ್ನು ನಾನು ಹೇಳಿದೆ. ಅವರು ಗಟ್ಟಿಯಾಗಿ ನಕ್ಕರು, ಬಸ್ಸಿನವರು ತಿರುಗಿ ನೋಡಿದರು. ಮಾತಿನಲ್ಲಿ ನಮ್ಮ ಸ್ಟಾಪು ದಾಟಿಯೇ ಹೋಯಿತು. ಕೊನೆಯ ಸ್ಟಾಪಿನಲ್ಲಿ ಇಳಿದು, ಅತ್ತೆ ಅಳಿಯ ಇಬ್ಬರೂ ಮನೆತನಕ ನಡೆದುಕೊಂಡು ಬಂದೆವು. ನನ್ನ ನಡಿಗೆಗೆ ಅವರು ಎರಡು ಸಲ ನಿಂತು ದಮ್ಮು ತೆಗೆದುಕೊಂಡರು.